ಕಾಶೀಬಾಯಿ ಅತ್ತೆಯ ನೀಲಿ ನೀರು

ಕಾಶೀಬಾಯಿ ಅತ್ತೆಯ ಹತ್ತೂ ಬೆರಳು ಕಪ್ಪಾಗಿದ್ದವು. ಒಲೆಯ ಮಸಿಯಂಥ ಕಪ್ಪಲ್ಲ, ಮಾಗಿದ ನೇರಳೆ ಹಣ್ಣಿನ ಕಪ್ಪು. ಉಗುರುಗಳಂತೂ ಯಾರೋ ಬಿಡುವಾಗಿ ಕೂತು ಬಣ್ಣ ಬಳಿದ ಹಾಗಿದ್ದವು. ನನ್ನ ಮದುವೆಯ ಊಟದಲ್ಲಿ ಅವರು ತುಪ್ಪದ ಗಿಂಡಿ ಹಿಡಿದು ಪಂಕ್ತಿಯಲ್ಲಿ ಬಂದಾಗ, ಆ ಕೈ ನೋಡಿದ ನನ್ನ ಅವ್ವ ತನ್ನ ಹೋಳಿಗೆಯ ಮೇಲೆ ಅಂಗೈ ಅಡ್ಡ ಹಿಡಿದಳು. ನಾವು ಕುರನೂರಿನ ಒಕ್ಕಲುತನದವರು. ಸೋಲಾಪುರದ ಪೇಟೆಯ ಮನೆಗೆ ಹೆಣ್ಣು ಕೊಟ್ಟದ್ದು ಅದೇ ಮೊದಲು. ಪೇಟೆಯವರು ಕೈ ತೊಳೆಯದೆ ಬಡಿಸುತ್ತಾರೆಂದು ಅವ್ವ ನನ್ನ ಕಿವಿಯಲ್ಲಿ ಹೇಳಿದ್ದು ಅತ್ತೆಗೆ ಕೇಳಿಸಿಬಿಟ್ಟಿತು.

ಅವರು ಸಿಟ್ಟಾಗಲಿಲ್ಲ. ಗಿಂಡಿಯನ್ನು ಎಡಗೈಗೆ ಬದಲಿಸಿ ಬಲಗೈಯನ್ನು ಅವ್ವನ ಮುಂದೆ ಚಾಚಿದರು. "ತೊಳಕೊಂಡೇ ಬಂದೀನ್ರಿ ಬೀಗತೇರ. ಇದು ಹೊಲಸಲ್ಲ, ಬೆಳ್ಳಿ. ಬೇಕಾದರ ತಿಕ್ಕಿ ನೋಡ್ರಿ" ಎಂದರು.

ಅವ್ವ ನಿಜವಾಗಿಯೂ ತಿಕ್ಕಿ ನೋಡಿದಳು. ಸೆರಗಿನ ತುದಿಯನ್ನು ನೀರಿನಲ್ಲಿ ಅದ್ದಿಕೊಂಡು ತಿಕ್ಕಿದಳು. ಕಪ್ಪು ಹೋಗಲಿಲ್ಲ. ಬೆಳ್ಳಗಿರಬೇಕಾದ ಬೆಳ್ಳಿ ಹೀಗೆ ಕಪ್ಪಗೆ ಯಾಕಿದೆ ಎಂಬುದು ಮಾತ್ರ ಅವಳಿಗೆ ಕೊನೆಯವರೆಗೂ ತಿಳಿಯಲಿಲ್ಲ. ತುಪ್ಪವಿಲ್ಲದೆ ಹೋಳಿಗೆ ತಿಂದು ಎದ್ದಳು.

ಅತ್ತೆ ನನ್ನ ಮಾವನವರ ತಂಗಿ. ಅವರನ್ನು ಅಕ್ಕಲಕೋಟೆಯ ಒಬ್ಬ ಹಳೇ ಜರಿಯ ವ್ಯಾಪಾರಿಗೆ ಕೊಟ್ಟಿದ್ದರು. ಆಗ ಸೀರೆಯ ಜರಿಯೆಂದರೆ ಬೆಳ್ಳಿಯ ಎಳೆ, ಮೇಲೆ ಬಂಗಾರದ ಲೇಪ. ಗೌಡರ ಮನೆ, ದೇಸಾಯರ ಮನೆಗಳಲ್ಲಿ ಹರಿದುಹೋದ ಮದುವೆಯ ಸೀರೆಗಳನ್ನು ಕೊಂಡು, ಸೆರಗು ಅಂಚುಗಳನ್ನು ಬಾಣಲೆಯಲ್ಲಿ ಸುಟ್ಟು, ಬೂದಿಯೊಳಗಿನ ಬೆಳ್ಳಿಯನ್ನು ಶುದ್ಧ ಮಾಡಿ ಮಾರುವುದು ಆ ಮನೆಯ ಕಸುಬು. ಗಂಡ ಬೇಗ ತೀರಿಕೊಂಡರು. ಮಕ್ಕಳಿರಲಿಲ್ಲ. ಮೈದುನರು ಮನೆ ಅಂಗಡಿ ಇಟ್ಟುಕೊಂಡು, ವೈನಿಗೆ ಏನು ಬೇಕೋ ಒಯ್ಯಲಿ ಎಂದಾಗ ಅವರು ಹಾಸಿಗೆಯನ್ನೂ ಮುಟ್ಟಲಿಲ್ಲ, ಪಾತ್ರೆಯನ್ನೂ ಮುಟ್ಟಲಿಲ್ಲವಂತೆ. ಗಂಡ ಬೆಳ್ಳಿ ಕರಗಿಸುತ್ತಿದ್ದ ಚೀನೀ ಮಣ್ಣಿನ ಭರಣಿಗಳನ್ನು ಚಕ್ಕಡಿಯಲ್ಲಿ ಜೋಳದ ಕಣಿಕೆ ಹಾಸಿ ಹೇರಿಸಿಕೊಂಡು ಸೋಲಾಪುರದ ತವರಿಗೆ ಬಂದರು. ನನ್ನ ಗಂಡನ ತಾಯಿ ಆಗಲೇ ತೀರಿಹೋಗಿದ್ದರು. ಹೀಗಾಗಿ ಒಳಗಿನ ಅಡಿಗೆಮನೆ, ಹಿಂದಿನ ಹಿತ್ತಿಲು ಎರಡೂ ಕಾಶೀಬಾಯಿ ಅತ್ತೆಯ ಕೈಗೆ ಬಂದವು. ಓಣಿಗೆ ಮುಖಮಾಡಿದ ಬೆಲ್ಲ ಬೇಳೆಯ ಅಂಗಡಿಯೊಂದೇ ಮಾವನವರಿಗೆ ಉಳಿದದ್ದು.

ಹಿತ್ತಿಲಲ್ಲಿ ನಡೆಯುತ್ತಿದ್ದುದು ಇಷ್ಟು. ಹಳೆಯ ಬೆಳ್ಳಿಯಲ್ಲಿ ತಾಮ್ರ ಬೆರೆತಿರುತ್ತದೆ. ಅವೆರಡನ್ನೂ ಬೇರೆ ಮಾಡಲು ಬಂಗಾರ ಬೆಳ್ಳಿಯ ಕೆಲಸದ ಪತ್ತಾರರು ತೇಜಾಬೆಂಬ ಉರಿಯುವ ಆಮ್ಲದಲ್ಲಿ ಕರಗಿಸುತ್ತಾರೆ. ಆ ನೀರಿನಲ್ಲಿ ತಾಮ್ರದ ತಗಡು ಇಳಿಬಿಟ್ಟರೆ ಬೆಳ್ಳಿ ಹಿಂಜಿದ ಹತ್ತಿಯ ಹಾಗೆ ತಗಡಿನ ಮೇಲೆ ಬಂದು ಕೂಡುತ್ತದೆ, ತಾಮ್ರ ನೀರಿನಲ್ಲೇ ಉಳಿಯುತ್ತದೆ. ಬೆಳ್ಳಿ ತೆಗೆದುಕೊಂಡ ಮೇಲೆ ಉಳಿಯುವುದು ನವಿಲಿನ ಕೊರಳಿನ ಬಣ್ಣದ ನೀಲಿ ನೀರು. ಶುಕ್ರವಾರ ಪೇಠೆಯ ಪತ್ತಾರರು ಅದನ್ನು ಗಟಾರಕ್ಕೆ ಚೆಲ್ಲುತ್ತಿದ್ದರು. ಅತ್ತೆ ಅದನ್ನು ಕೇಳಿ, ಕೊಡ ಕೊಡವಾಗಿ ಮನೆಗೆ ತರಿಸುತ್ತಿದ್ದರು. ಬಂದ ನೀರಿಗೆ ಮೊದಲು ಉಪ್ಪು ಹಾಕುತ್ತಿದ್ದರು. ಬೆಳ್ಳಿಯ ಅಂಶ ಏನಾದರೂ ಉಳಿದಿದ್ದರೆ ನೀರು ಒಡೆದು ಬಿಳಿಯ ಮೊಸರಿನಂಥದು ತಳಕ್ಕಿಳಿಯುತ್ತಿತ್ತು. ಅವಸರದ ಪತ್ತಾರರ ನೀರಿನಲ್ಲಿ ಅದು ಇದ್ದೇ ಇರುತ್ತಿತ್ತು. ಅದನ್ನು ತೆಗೆದಿಟ್ಟು ಆಮೇಲೆ ಹಳೆಯ ಕಬ್ಬಿಣ ಹಾಕುತ್ತಿದ್ದರು. ಕಬ್ಬಿಣ ಸವೆದು ನೀರಿಗೆ ಹೋಗುತ್ತಿತ್ತು, ನೀರಿನ ತಾಮ್ರ ಕೆಂಪು ಕೆಸರಾಗಿ ಅದರ ಮೇಲೆ ಕೂಡುತ್ತಿತ್ತು. ಕೆರೆದು, ತೊಳೆದು, ಒಣಗಿಸಿ, ಬಿಂದಿಗೆ ಹಂಡೆ ಬಡಿಯುವ ತಾಂಬಟರಿಗೆ ಕೊಟ್ಟುಬಿಡುತ್ತಿದ್ದರು.

ಮಾವನವರು ಇದನ್ನೆಲ್ಲ ಸಹಿಸಿಕೊಂಡಿದ್ದರು. ಲಿಂಗಪೂಜೆಗೆಂದು ಅವರು ಬೆಳೆಸಿದ್ದ ಕಣಗಿಲೆ ಗಿಡ ತೇಜಾಬಿನ ಹೊಗೆಗೆ ಎಲೆ ಉದುರಿಸಿ ನಿಂತಾಗ ಮಾತ್ರ ಎರಡು ದಿನ ತಂಗಿಯೊಂದಿಗೆ ಮಾತಾಡಲಿಲ್ಲ. ಮೂರನೆಯ ದಿನ ಅತ್ತೆ ಪೇಟೆಯಿಂದ ಹೂ ತರಿಸಿಕೊಟ್ಟರು. ಮಾತು ಮತ್ತೆ ಶುರುವಾಯಿತು. ಗಿಡ ಚಿಗುರಲಿಲ್ಲ.

ಆ ಮನೆಯಲ್ಲಿ ನಾನು ಕಲಿತ ಮೊದಲ ಪಾಠವೆಂದರೆ ಅತ್ತೆಗೆ ತೋರಿಸದೆ ಯಾವ ನೀರನ್ನೂ ಚೆಲ್ಲಬಾರದು. ಅಕ್ಕಿ ತೊಳೆದದ್ದಿರಲಿ, ಪಾತ್ರೆ ಬೆಳಗಿದ್ದಿರಲಿ, ನಾನು ಮೋರಿಯ ಕಡೆ ಬಾಗಿದರೆ ಸಾಕು, ಎಲ್ಲಿಂದಲೋ "ಗೌರಿ, ಚೆಲ್ಲಬ್ಯಾಡ ತಡಿ" ಎಂದು ಕೇಳುತ್ತಿತ್ತು. ಬಂದು ಬಗ್ಗಿ ನೋಡಿ, "ಏನಿಲ್ಲ, ಚೆಲ್ಲು" ಎನ್ನುವರು. ಅಕ್ಕಿ ತೊಳೆದ ನೀರಿನಲ್ಲಿ ಏನಿದ್ದೀತು ಎಂದು ಒಮ್ಮೆ ಕೇಳಿದೆ. ಏನೂ ಇಲ್ಲ ಎಂದು ಅವರಿಗೂ ಗೊತ್ತಿತ್ತಂತೆ. ಆದರೆ ನೋಡದೆ ಚೆಲ್ಲುವುದು ಮನುಷ್ಯರ ಲಕ್ಷಣವಲ್ಲವಂತೆ.

ಅವರ ಸೆರಗಿನ ತುದಿಯಲ್ಲಿ ಯಾವಾಗಲೂ ಉಪ್ಪಿನ ಒಂದು ಗಂಟಿರುತ್ತಿತ್ತು. ಅನುಮಾನ ಬಂದ ಕಡೆಯೆಲ್ಲ ಒಂದು ಚಿಟಿಕೆ ಹಾಕಿ ನೋಡುವರು. ಓಣಿಯ ಒಂದು ಕೂಸಿಗೆ ಕಣ್ಣುಬೇನೆ ಬಂದು, ದವಾಖಾನೆಯಿಂದ ಕಣ್ಣಿಗೆ ಬಿಡುವ ಔಷಧ ತಂದಿದ್ದರು. ಅದು ಕೂಸಿನ ಗಲ್ಲಕ್ಕೆ ಇಳಿದ ಕಡೆಯೆಲ್ಲ ಕಪ್ಪು ಕಲೆಯಾಗುತ್ತಿದೆ ಎಂದು ತಾಯಿ ಹೇಳಿದ್ದೇ ತಡ, ಅತ್ತೆ ಶೀಶೆಯ ಬಿರಡೆ ತೆಗೆದು ಉಪ್ಪು ಹಾಕಿದರು. ಔಷಧ ಮೊಸರಾಯಿತು. "ಖರೇ ಔಷಧ ಅದ, ಬೆಳ್ಳಿ ಅದ ಇದರಾಗ, ಕಾಳಜಿ ಮಾಡಬ್ಯಾಡ" ಎಂದು ತಾಯಿಗೆ ಧೈರ್ಯ ಹೇಳಿ ಶೀಶೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ಬಂದುಬಿಟ್ಟರು. ಕೂಸಿಗೆ ಔಷಧವೇ ಉಳಿಯಲಿಲ್ಲ ಎಂಬುದು ಹೊಳೆದದ್ದು ಊಟಕ್ಕೆ ಕೂತಾಗ. ಎದ್ದು ಹೋಗಿ ಆ ಕೂಸನ್ನು ತಾವೇ ಎತ್ತಿಕೊಂಡು ದವಾಖಾನೆಯ ಸಾಲಿನಲ್ಲಿ ನಿಂತರು, ಕಂಪೌಂಡರನ ಬೈಗುಳ ತಿಂದರು, ಹೊಸ ಔಷಧ ತಂದರು. ಅದಕ್ಕೆ ಉಪ್ಪು ಹಾಕಲಿಲ್ಲ ಎಂಬುದನ್ನು ನಾನು ಪಕ್ಕದಲ್ಲೇ ನಿಂತು ನೋಡಿಕೊಂಡೆ.

ನೀರು ಬೇಕಾದಷ್ಟು ಸಿಗುತ್ತಿತ್ತು. ಕೊರತೆ ಇದ್ದದ್ದು ಕಬ್ಬಿಣಕ್ಕೆ. ಮನೆಯ ಮೊಳೆ, ಮುರಿದ ಚಿಲಕ, ಟಾಂಗಾವಾಲಾ ಎಸೆದ ಲಾಳ ಎಲ್ಲ ಭರಣಿಗೆ ಹೋದವು. ನನ್ನ ಗಂಡ ಒಮ್ಮೆ ಬಚ್ಚಲಿಗೆ ಹೋಗಿ ಒಳಗಿನಿಂದ ಅಗಳಿ ಹುಡುಕಿ ಹುಡುಕಿ, ಅದು ಇಲ್ಲವೆಂದು ತಿಳಿದು, ಸ್ನಾನ ಮುಗಿಯುವವರೆಗೆ ದೊಡ್ಡ ದನಿಯಲ್ಲಿ ಹಾಡಿದರು. ಅವರು ಹಾಡುವುದನ್ನು ನಾನು ಕೇಳಿದ್ದು ಅದೊಂದೇ ಸಲ.

ಒಂದು ದೀಪಾವಳಿಯ ಮುಂದೆ ಮಾವನವರು ಕಲಬುರ್ಗಿಗೆ ಯಾರದೋ ನಿಶ್ಚಿತಾರ್ಥಕ್ಕೆ ಹೋಗಿದ್ದರು. ಅಂಗಡಿ ಮುಚ್ಚಿತ್ತು. ಭರಣಿಯಲ್ಲಿ ಒಳ್ಳೆಯ ಗಾಢ ನೀಲಿ ನೀರು ತುಂಬಿ ಕೂತಿತ್ತು. ಹಾಕಲು ಕಬ್ಬಿಣವಿರಲಿಲ್ಲ. ಅತ್ತೆ ಅಂಗಡಿಯ ಹಿಂಬಾಗಿಲಿನಿಂದ ಬೆಲ್ಲ ತೂಗುವ ಐದು ಸೇರಿನ ಕಬ್ಬಿಣದ ಕಲ್ಲನ್ನು ತಂದು ಇಳಿಬಿಟ್ಟರು. ಸುಮ್ಮನೆ ಕೂತ ಕಲ್ಲು, ಮಾವನವರು ಬರುವಷ್ಟರಲ್ಲಿ ತೆಗೆದಿಟ್ಟರಾಯಿತು ಎಂಬುದು ಅವರ ಲೆಕ್ಕ. ದಿನವೂ ಮೇಲೆ ಕೂತ ತಾಮ್ರವನ್ನು ಕೆರೆದುಕೊಂಡರು. ಕೊನೆಗೆ ಹುಣಸೆಹಣ್ಣು ಹಚ್ಚಿ ಬೆಳಗಿ ಜಾಗದಲ್ಲಿ ಇಟ್ಟರು.

ಊರಿಂದ ಬಂದ ಮಾವನವರು ನೋಡುತ್ತಾರೆ, ತುಕ್ಕು ಹಿಡಿದಿದ್ದ ಕಲ್ಲು ಕೆಂಪಗೆ ಹೊಳೆಯುತ್ತಿದೆ. ಲಕ್ಷ್ಮೀಪೂಜೆಗೆಂದು ತಂಗಿ ಬೆಳಗಿ ಇಟ್ಟಿದ್ದಾಳೆಂದು ಅವರಿಗೆ ಕಣ್ಣು ತುಂಬಿ ಬಂತು. ಅದಕ್ಕೆ ವಿಭೂತಿ ಹಚ್ಚಿ, ಹೂ ಏರಿಸಿ, ಗಿರಾಕಿಗಳಿಗೆ ಕಾಣುವಂತೆ ಮುಂದಿಟ್ಟರು. ಹಬ್ಬದ ಬೆಲ್ಲವೆಲ್ಲ ಅದರಲ್ಲೇ ತೂಗಿದರು.

ಹಬ್ಬದ ಮರುವಾರ ಚಪಳಗಾಂವದ ಶಿವನಗೌಡರು ಒಂದು ಬೆಲ್ಲದ ಪೆಂಟೆಯನ್ನು ವಸ್ತ್ರದಲ್ಲಿ ಕಟ್ಟಿಕೊಂಡು ಬಂದರು. ಅಕ್ಕಲಕೋಟೆ ಸೀಮೆಯಲ್ಲಿ ದೊಡ್ಡ ಹೊಲಮನೆಯವರು, ಐವತ್ತು ದಾಟಿದವರು, ಹೆಂಡತಿ ಸತ್ತು ನಾಲ್ಕು ವರ್ಷವಾಗಿತ್ತು. ಮುಖದ ಅರ್ಧ ಭಾಗ ಮೀಸೆ. ಅದನ್ನು ತೀಡದೆ ಅವರಿಗೆ ಒಂದು ಮಾತೂ ಹೊರಡುತ್ತಿರಲಿಲ್ಲ. ಬೆಲ್ಲ ಮನೆಯ ತಕ್ಕಡಿಯಲ್ಲಿ ಕಡಿಮೆ ಬಂತೆಂದು ಅವರು ಬಹಳ ಸಂಕೋಚದಿಂದ, ಬೇರೆ ಗಿರಾಕಿಗಳಿಗೆ ಕೇಳಿಸದಂತೆ ಹೇಳಿದರು. ಮಾವನವರು ನಕ್ಕು, ಪಕ್ಕದ ಅಂಗಡಿಯ ಕಲ್ಲು ತರಿಸಿ, ಎರಡನ್ನೂ ತಕ್ಕಡಿಯ ಎರಡು ಕಡೆ ಇಟ್ಟರು. ನಮ್ಮ ಕೆಂಪು ಕಲ್ಲು ಮೇಲೆದ್ದು ನಿಂತುಬಿಟ್ಟಿತು. ಒಂದು ಕಾಳು ಕಡಿಮೆ ಬಿದ್ದರೂ ಗಿರಾಕಿಯನ್ನು ಕರೆದು ಕೊಡುತ್ತಿದ್ದ ಮನುಷ್ಯ ಮಾವನವರು. ಅವರು ತಕ್ಕಡಿಯ ಮುಂದೆ ಕೈಮುಗಿದು ನಿಂತರು.

ಒಳಗಿನಿಂದ ಇದನ್ನು ನೋಡಿದ ಅತ್ತೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. "ಗೌಡ್ರ, ಅಣ್ಣಂದೇನೂ ತಪ್ಪಿಲ್ಲ. ಕಮ್ಮಿ ಬಿದ್ದದ್ದು ನನ್ನ ಭರಣ್ಯಾಗ ಅದ. ಬರ್ರಿ, ತೋರಸ್ತೀನಿ" ಎಂದು ಅವರನ್ನು ಹಿತ್ತಿಲಿಗೇ ಕರೆದುಕೊಂಡು ಹೋದರು.

ಗೌಡರು ನೀಲಿ ನೀರು ನೋಡಿದರು, ಕೆಂಪು ಕೆಸರು ನೋಡಿದರು, ನಂಬಲಿಲ್ಲ. ಅತ್ತೆ ಅವರ ಎಲೆಯಡಿಕೆ ಚೀಲದಿಂದ ಅಡಕೊತ್ತು ತೆಗೆದು, ಅದರ ಮೂಗನ್ನು ಭರಣಿಯಲ್ಲಿ ಅದ್ದಿ ಹಿಡಿದರು. ಸ್ವಲ್ಪ ಹೊತ್ತಿಗೆ ಹೊರಗೆ ತೆಗೆದಾಗ ಆ ಮೂಗು ಹೊಸ ತಾಮ್ರದ ಚರಿಗೆಯಂತೆ ಕೆಂಪಾಗಿತ್ತು. ಗೌಡರು ಮೀಸೆ ತೀಡುವುದನ್ನೂ ಮರೆತು ನಿಂತರು. ಬೆಲ್ಲದ ವಿಷಯ ಮತ್ತೆ ಎತ್ತಲೇ ಇಲ್ಲ.

ಮಾವನವರು ಮಾತ್ರ ಅದನ್ನು ಬಿಡಲಿಲ್ಲ. ಕೆಂಪು ಕಲ್ಲಿನಲ್ಲಿ ಬೆಲ್ಲ ಒಯ್ದವರೆಲ್ಲ ಬಂದು ಕಡಿಮೆಯಾದದ್ದನ್ನು ತೆಗೆದುಕೊಂಡು ಹೋಗಬೇಕೆಂದು ಓಣಿಯಲ್ಲಿ ಹೇಳಿಸಿದರು. ಬೆಲ್ಲ ಒಯ್ದವರು ಬಂದರು. ಇಂಗು ಒಯ್ದವರೂ ಬಂದರು. ಹಬ್ಬಕ್ಕೆ ಊರಿನಲ್ಲೇ ಇರದವರೂ ಬಂದರು. ಶಿವರಾತ್ರಿಯವರೆಗೆ ನಮ್ಮ ಅಂಗಡಿಯಲ್ಲಿ ಎಲ್ಲರಿಗೂ ಒಂದೊಂದು ಉಂಡೆ ಬೆಲ್ಲ ಪುಕ್ಕಟೆ. ಆ ದಿನಗಳಲ್ಲಿ ಅತ್ತೆ ಅಣ್ಣನ ಎದುರಿಗೆ ಬರದೆ ಗೋಡೆಗುಂಟ ಓಡಾಡುತ್ತಿದ್ದರು.

ಶಿವನಗೌಡರು ಅಲ್ಲಿಂದ ಮುಂದೆ ಪ್ರತಿ ಮಂಗಳವಾರ, ಸೋಲಾಪುರದ ಸಂತೆಯ ದಿನ, ನಮ್ಮಲ್ಲಿಗೆ ಬರತೊಡಗಿದರು. ಹಿತ್ತಿಲ ಕಟ್ಟೆಯ ಮೇಲೆ ಕೂತು ಭರಣಿಗಳನ್ನೇ ನೋಡುತ್ತಿದ್ದರು. ಒಂದು ಮಂಗಳವಾರ ಅವರ ಕಣ್ಣು ಭರಣಿಗಳಿಂದ ಅತ್ತೆಯ ಬೆರಳುಗಳ ಮೇಲೆ ಹೋಯಿತು. ಆ ಕಪ್ಪು ಬೆವರಿಗೆ ಹೋಗುತ್ತದೆಯೇ, ಸಾಬೂನಿಗೆ ಹೋಗುತ್ತದೆಯೇ ಎಂದು ವಿಚಾರಿಸಿದರು. ಯಾವುದಕ್ಕೂ ಹೋಗುವುದಿಲ್ಲ ಎಂದು ತಿಳಿದ ಮೇಲೆ ಮೀಸೆ ತೀಡಿಕೊಂಡು ವಿಷಯಕ್ಕೆ ಬಂದರು. ಅವರು ಮೀಸೆಗೆ ಎಣ್ಣೆಯಲ್ಲಿ ಕಲಸಿದ ಕಾಡಿಗೆ ಹಚ್ಚುತ್ತಿದ್ದರು, ಅದು ಬಿಸಿಲಿಗೆ ಗದ್ದಕ್ಕೆ ಇಳಿಯುತ್ತಿತ್ತು. ಮರುದಿನ ದುಧನಿಗೆ ಹೆಣ್ಣು ನೋಡಲು ಹೋಗುವುದಿತ್ತು.

ನಾನು ಅಲ್ಲೇ ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದೆ. ಅತ್ತೆ ಕೋಲಿನಿಂದ ಭರಣಿ ಕದಡುವುದನ್ನು ನಿಲ್ಲಿಸಿದರು.

"ಹುಡುಗಿಗಿ ವಯಸ್ಸೆಷ್ಟರಿ?"

"ಹದಿನಾರಂತಾರ."

"ನಿಮ್ಮ ಮಗಳಿಗಿ?"

"ಆಕೀಗೇನ್ರಿ, ಆಕಿಗಿ ಮಕ್ಕಳಾಗ್ಯಾವ" ಎಂದರು ಗೌಡರು, ಏನೂ ಅರ್ಥವಾಗದೆ.

ಅತ್ತೆ ಒಳಗೆ ಹೋಗಿ ಕಪ್ಪು ಬಟ್ಟೆ ಸುತ್ತಿದ ಒಂದು ಶೀಶೆ ತಂದರು. ಶುದ್ಧ ಬೆಳ್ಳಿಯನ್ನು ತೇಜಾಬಿನಲ್ಲಿ ಕರಗಿಸಿ ನೀರು ಬೆರೆಸಿದ್ದು, ನೋಡಲು ಬಾವಿಯ ನೀರಿನ ಹಾಗೆ ತಿಳಿಯಾಗಿತ್ತು. ಗೌಡರ ಮೀಸೆಯ ಕಾಡಿಗೆ ತೊಳೆಸಿ, ಕೋಳಿಯ ಗರಿಯಿಂದ ಅದಕ್ಕೆ ತೆಳ್ಳಗೆ ಹಚ್ಚಿದರು. ಬಣ್ಣ ಈಗಲೇ ಬರುವುದಿಲ್ಲ, ಬೆಳಕಿಗೆ ಬರುತ್ತದೆ. ಕೈ ಮುಟ್ಟಿಸಬಾರದು, ಚರ್ಮಕ್ಕೆ ತಾಗಬಾರದು, ಬಿಸಿಲಿನಲ್ಲಿ ಕೂಡಬಾರದು ಎಂದು ಎರಡೆರಡು ಸಲ ಹೇಳಿದರು. ಶೀಶೆಯನ್ನು ಮಾಳಿಗೆಯ ಕೋಣೆಯ ಕಿಟಕಿಯಲ್ಲಿಟ್ಟು ಅಡಿಗೆಗೆ ಎದ್ದರು. ಗೌಡರು ಅಂದು ಮಲಗಿದ್ದು ಅದೇ ಕೋಣೆಯಲ್ಲಿ.

ಅಲ್ಲಿ ನಡೆದದ್ದನ್ನು ಮುಂದೆ ಗೌಡರೇ ಹೇಳಿದರು. ಕನ್ನಡಿಯಲ್ಲಿ ನೋಡಿದರೆ ಮೀಸೆ ಬೆಳ್ಳಗೇ ಇತ್ತು. ಹೆಂಗಸು ಕಡಿಮೆ ಹಚ್ಚಿದ್ದಾಳೆ ಎಂದುಕೊಂಡು ಶೀಶೆ ತೆಗೆದು ಅಂಗೈಗೆ ಸುರಿದುಕೊಂಡು ಚೆನ್ನಾಗಿ ಉಜ್ಜಿದರು. ಉಳಿದದ್ದನ್ನು ಯಾಕೆ ವ್ಯರ್ಥ ಮಾಡಬೇಕೆಂದು ಹುಬ್ಬಿಗೆ, ಕಿವಿಯ ಮುಂದಿನ ಕೂದಲಿಗೆ ಹಚ್ಚಿದರು. ಬೆಳಿಗ್ಗೆ ರೈಲಿನಲ್ಲಿ ಗಾಳಿ ಬರಲೆಂದು ಕಿಟಕಿಯ ಪಕ್ಕ, ಬಿಸಿಲಿಗೆ ಮುಖಮಾಡಿ ಕೂತರು. ದಾರಿಯುದ್ದಕ್ಕೂ ಮೀಸೆ ತೀಡುತ್ತ, ಗಲ್ಲ ಸವರುತ್ತ, ಹುಡುಗಿಯ ತಂದೆಯೊಂದಿಗೆ ಏನು ಮಾತಾಡಬೇಕೆಂದು ಯೋಚಿಸುತ್ತ ಹೋದರು. ಅಕ್ಕಲಕೋಟೆ ಸ್ಟೇಶನ್ನಿನಲ್ಲಿ ಎದುರು ಕೂತಿದ್ದವನು ಎದ್ದು ಬೇರೆ ಡಬ್ಬಿಗೆ ಹೋದ. ಜಾಗ ಅಗಲವಾಯಿತೆಂದು 
ಗೌಡರು ಕಾಲು ಚಾಚಿದರು.

ದುಧನಿಯ ಆ ಮನೆಯಲ್ಲಿ ಕಣ್ಣು ಮಂಜಾದ ಒಬ್ಬ ಅಜ್ಜಿ ಬಾಗಿಲಲ್ಲೇ ಇವರನ್ನು ಎದುರುಗೊಂಡು, ರೈಲಿಗೆ ಇದ್ದಲು ಹಾಕುವವರು ನೀವೇನಾ ಎಂದು ವಿಚಾರಿಸಿದಳು. ಹುಡುಗಿಯ ತಂದೆ ಮರ್ಯಾದಸ್ತ. ಏನೂ ಕೇಳದೆ ಬಿಸಿನೀರು, ಸಾಬೂನು ಕೊಟ್ಟ. ಗೌಡರು ತಂಬಿಗೆಯ ನೀರಿನಲ್ಲಿ ತಮ್ಮ ನೆರಳು ನೋಡಿಕೊಂಡದ್ದು ಆಗಲೇ. ಮೀಸೆಯೇನೋ ಭರ್ಜರಿ ಕಪ್ಪಾಗಿತ್ತು. ಜೊತೆಗೆ ತುಟಿ, ಗದ್ದ, ಹುಬ್ಬಿನ ಸುತ್ತಿನ ಹಣೆ, ಒಂದು ಕಿವಿ. ಗಲ್ಲದ ಮೇಲೆ ನಾಲ್ಕು ಬೆರಳಿನ ಗುರುತು, ಯಾರೋ ಹೊಡೆದ ಹಾಗೆ. ಅಂಗಳದ ಬಿಸಿಲಿನಲ್ಲಿ ಕೂತು ಸಾಬೂನು ಹಚ್ಚಿದರು, ಸೀಗೆಪುಡಿ ಹಚ್ಚಿದರು, ಬೂದಿ ಹಚ್ಚಿದರು. ಬಿಸಿಲಿಗೆ ಅದು ಇನ್ನಷ್ಟು ಕಪ್ಪಾಯಿತು. ಅವಲಕ್ಕಿಯ ತಾಟು ಹಿಡಿದು ಬಂದ ಹುಡುಗಿ ಒಮ್ಮೆ ತಲೆಯೆತ್ತಿ ನೋಡಿ, ತಾಟನ್ನು ಅಲ್ಲೇ ನೆಲಕ್ಕಿಟ್ಟು ಒಳಗೆ ಓಡಿದಳು. ಒಳಗೆ ಯಾರೋ ಬಾಯಿಗೆ ಸೆರಗು ತುರುಕಿಕೊಂಡು ನಗುವುದು ಕೇಳಿಸಿತು. ಗೌಡರು ಅವಲಕ್ಕಿ ತಿನ್ನದೆ ಎದ್ದರು. ಆ ಹುಡುಗಿಯನ್ನು ಮುಂದೆ ಅಲ್ಲಿಯದೇ ಒಬ್ಬ ಅರಿವೆ ಅಂಗಡಿಯ ಹುಡುಗನಿಗೆ ಕೊಟ್ಟರೆಂದು ಕೇಳಿದೆ.

ಸಂಜೆ ಗೌಡರು ಕಣ್ಣೊಂದು ಬಿಟ್ಟು ಮುಖವೆಲ್ಲ ರುಮಾಲು ಸುತ್ತಿಕೊಂಡು ನಮ್ಮ ಮನೆಗೆ ಬಂದರು. ಚಪಳಗಾಂವಕ್ಕೆ ಆ ಮುಖ ಹೊತ್ತು ಹೋಗುವಂತಿರಲಿಲ್ಲ. ಅಲ್ಲಿ ಗಂಡುಮಕ್ಕಳಿದ್ದರು, ಸೊಸೆಯಂದಿರಿದ್ದರು. ಹಿತ್ತಿಲಿಗೆ ನಡೆದು ಬಂದು ರುಮಾಲು ಬಿಚ್ಚಿದರು.

"ಕಾಶೀಬಾಯಾರ, ಇದನ್ನ ತಗೀರಿ."

ಅತ್ತೆ ದೀಪ ಎತ್ತಿ ಹಿಡಿದು, ಹೊಲಿದ ಬಟ್ಟೆಯ ಹೊಲಿಗೆ ನೋಡುವವರಂತೆ ಆ ಕಡೆ ಈ ಕಡೆ ನೋಡಿದರು. "ತಗದರ ಹೋಗೂದಲ್ರಿ ಇದು. ಹೊಸ ತೊಗಲು ಬಂದಾಗ ತಾನ ಹೋಗ್ತದ."

"ಎಂದ ಬರ್ತದ ಹೊಸ ತೊಗಲು?"

"ಅದು ನಿಮ್ಮ ತೊಗಲಿನ ಮ್ಯಾಲ ಅದ. ಮೀಸಿ ಮಾತ್ರ ಬರೋಬರಿ ಆಗ್ಯಾದ ನೋಡ್ರಿ" ಎಂದರು ಅತ್ತೆ.

ಶೀಶೆಯನ್ನು ಕಿಟಕಿಯಲ್ಲಿ ಯಾಕೆ ಬಿಟ್ಟಿದ್ದಿರಿ ಎಂದು ಆಮೇಲೆ ನಾನು ಕೇಳಿದೆ. ಬಿರಡೆ ಹಾಕಿಯೇ ಬಿಟ್ಟಿದ್ದೆನಲ್ಲ ಎಂದು ಹೇಳಿ ಅವರು ರೊಟ್ಟಿ ಬಡಿಯತೊಡಗಿದರು.

ಗೌಡರು ಮಾಳಿಗೆಯಲ್ಲೇ ಉಳಿದರು. ಕೆಂಪು ಕಲ್ಲಿನ ಋಣ ಇನ್ನೂ ತಲೆಯ ಮೇಲಿದೆ ಎಂದುಕೊಂಡಿದ್ದ ಮಾವನವರು ಇರಿ ಎಂದರು. ಮುಖ ಮುಚ್ಚಿಕೊಂಡು ಯಾರೊಂದಿಗೂ ಮಾತಾಡದೆ ಮೇಲೆ ಕೂತಿರುವ ಈ ಮನುಷ್ಯ ಮೌನವ್ರತದ ಸ್ವಾಮಿಯೆಂದು ಓಣಿಯಲ್ಲಿ ಸುದ್ದಿಯಾಯಿತು. ಒಬ್ಬಳು ತೆಂಗಿನಕಾಯಿ, ಕರ್ಪೂರ ಹಿಡಿದು ದರ್ಶನಕ್ಕೆ ಬಂದಳು. ಸ್ವಾಮಿಗಳು ಈಗ ಯಾರನ್ನೂ ನೋಡುವುದಿಲ್ಲ ಎಂದು ಅತ್ತೆ ಕಾಯಿ ಇಸಿದುಕೊಂಡು ಕಳಿಸಿ, ಅಂದು ಚಟ್ನಿ ಮಾಡಿದರು. ಗೌಡರಿಗೆ ಆ ಚಟ್ನಿ ಬಹಳ ಸೇರಿತು. ಯಾರ ಕಾಯಿ ಎಂದು ಅವರಿಗೆ ಹೇಳಲಿಲ್ಲ.

ಕೂತು ಕೂತು ಬೇಸರವಾಗಿ ಅವರು ಹಿತ್ತಿಲಿಗೆ ಇಳಿದರು. ಅತ್ತೆ ಅವರ ಕೈಗೆ ಸುತ್ತಿಗೆ ಕೊಟ್ಟರು. ಹುಟ್ಟಿದಂದಿನಿಂದ ಆಳುಗಳಿಗೆ ಹೇಳಿ ಮಾಡಿಸಿದ ಮನುಷ್ಯ, ತುಕ್ಕು ಹಿಡಿದ ಕಬ್ಬಿಣ ಒಡೆಯುತ್ತ ಕೂತರು. ಎರಡು ದಿನ ಒಡೆದು, ಈ ಪೇಟೆಯ ಮೊಳೆ ಲಾಳಗಳಿಂದ ಏನಾಗುತ್ತದೆ, ತಮ್ಮ ಕಡೆಯ ಹಳ್ಳಿಗಳಲ್ಲಿ ನೇಗಿಲಿನ ಸವೆದ ಕುಳ, ಮುರಿದ ಗುದ್ದಲಿ, ಚಕ್ಕಡಿಯ ಹಳಿ ಎಷ್ಟು ಬೇಕಾದರೂ ಬಿದ್ದಿವೆ ಎಂದು ಹೇಳಿದರು. ಅತ್ತೆ ಅಡಿಗೆ ಬಿಟ್ಟು ಬಂದು ಎದುರಿಗೆ ಕೂತು, ಯಾವ ಊರಲ್ಲಿ, ಯಾರ ಮನೆಯಲ್ಲಿ ಎಂದು ಕೇಳಿಕೊಂಡರು. ಅವರಿಬ್ಬರೂ ಒಂದು ವಿಷಯವನ್ನು ಅಷ್ಟು ಹೊತ್ತು ಮಾತಾಡಿದ್ದು ಅಂದೇ. ಬೇಳೆ ತಳ ಹಿಡಿದ ವಾಸನೆ ಮಾವನವರಿಗೆ ಅಂಗಡಿಯವರೆಗೆ ಬಂತು. ಹಿತ್ತಿಲಲ್ಲಿ ಕೂತ ಇಬ್ಬರಿಗೂ ಬರಲಿಲ್ಲ.

ಮುಖ ಮೊದಲಿನಂತಾದ ಮೇಲೂ ಗೌಡರು ಹೊರಡುವ ಮಾತೆತ್ತಲಿಲ್ಲ. ಕೊನೆಗೆ ಒಂದು ದಿನ ಬೆಳಿಗ್ಗೆ ಸ್ನಾನ ಮಾಡಿ, ಒಗೆದ ಧೋತರ ಉಟ್ಟು, ಮಾವನವರ ಮುಂದೆ ಬಂದು ಕೂತರು. ಕಾಶೀಬಾಯಿಯವರನ್ನು ಉಡಿಕೆ ಮಾಡಿಕೊಡುತ್ತೀರಾ ಎಂದು ಕೇಳಿದರು. ಗಂಡ ಸತ್ತವಳಿಗೆ ಮತ್ತೊಬ್ಬರೊಂದಿಗೆ ಮದುವೆ ಮಾಡುವುದು ನಮ್ಮಲ್ಲಿ ಇದ್ದದ್ದೇ; ಅದರಲ್ಲಿ ತಪ್ಪೇನಿರಲಿಲ್ಲ. ಮಾವನವರು ಬಹಳ ಸಂತೋಷದಿಂದ ಎದ್ದು ಒಳಗೆ ಬಂದರು. ಗೌಡರು ಪಡಸಾಲೆಯಲ್ಲೇ ಕೂತಿದ್ದರು. ನಡುವೆ ಒಂದು ಗೋಡೆ ಮಾತ್ರ.

ಅತ್ತೆ ಸುದ್ದಿ ಕೇಳಿ ನಾಚಲಿಲ್ಲ, ಸಿಡುಕಲೂ ಇಲ್ಲ. ಒಲೆಯ ಉರಿ ತಗ್ಗಿಸಿದರು. "ಗೌಡ್ರು ಚಲೋ ಮನಷ್ಯಾ ಅಣ್ಣಾ. ಖರೆ ನಾ ಚಪಳಗಾಂವಕ್ಕ ಹೋಗಿ ಏನ ಮಾಡ್ಲಿ? ಅಲ್ಲಿ ನೀಲಿ ನೀರು ಯಾರ ಕೊಡ್ತಾರ ನನಗ?"

"ಹಂಗಾದರ ಅವರಿಗಿ ಏನಂತ ಹೇಳ್ಲಿ?"

"ಕಬ್ಬಣ ತಂದು ಕೊಡಾಕ ಹೇಳು."

ಮಾವನವರು ಹೊರಗೆ ಬಂದಾಗ ಗೌಡರು ಆಗಲೇ ಚಪ್ಪಲಿ ಮೆಟ್ಟಿದ್ದರು. ಎಲ್ಲ ಕೇಳಿಸಿದೆ, ಮತ್ತೆ ಹೇಳಬೇಕಾಗಿಲ್ಲ ಎಂದು ಕೈಸನ್ನೆ ಮಾಡಿ ಹೋದರು. ಇನ್ನು ಈ ಮನುಷ್ಯ ಇತ್ತ ಹಾಯುವುದಿಲ್ಲ ಎಂದು ನಾವೆಲ್ಲ ಅಂದುಕೊಂಡೆವು. ಮುಂದಿನ ಮಂಗಳವಾರ ಬಾಗಿಲಲ್ಲಿ ಧಡ್ ಎಂದು ಸದ್ದಾಯಿತು. ಗೋಣಿಚೀಲದ ತುಂಬ ಸವೆದ ಕುಳಗಳು.

ಆಮೇಲಿನ ವರ್ಷಗಳಲ್ಲಿ ಮಂಗಳವಾರ ಎಂದರೆ ಗೌಡರ ಕಬ್ಬಿಣ ಬರುವ ದಿನ. ಚೀಲವನ್ನು ಹಿತ್ತಿಲಲ್ಲಿ ಸುರಿದು, ಕಟ್ಟೆಯ ಮೇಲೆ ಕೂತು ಚಹಾ ಕುಡಿದು, ಭರಣಿಗಳಲ್ಲಿ ಯಾವುದು ಎಷ್ಟು ತಿಳಿಯಾಗಿದೆ ಎಂದು ನೋಡಿ, ಖಾಲಿ ಚೀಲ ಮಡಚಿ ಬಗಲಲ್ಲಿಟ್ಟುಕೊಂಡು ಸಂಜೆಯ ಗಾಡಿಗೆ ಹೋಗುವರು. ಮತ್ತೆ ಹೆಣ್ಣು ನೋಡಲು ಹೋಗಲಿಲ್ಲ. ಮೀಸೆ ಬೆಳ್ಳಗೆ ಬೆಳೆಯಿತು. ಅವರಿಗೆ ಚಹಾ ಕೊಡುವಾಗ ಅತ್ತೆ ಬಸಿಯ ಮೇಲೆ ಇನ್ನೊಂದು ಬಸಿ ಮುಚ್ಚಿ ತರುತ್ತಿದ್ದರು, ಆರಬಾರದೆಂದು. ಮನೆಯ ಬೇರೆ ಯಾರಿಗೂ ಆ ಮರ್ಯಾದೆ ಇರಲಿಲ್ಲ.

ಮೂವತ್ತರ ದಶಕ ಅರ್ಧ ಮುಗಿಯುವ ಹೊತ್ತಿಗೆ ಪೇಟೆಗೆ ಖೋಟಾ ಜರಿ ಬಂತು. ತಾಮ್ರದ ತಂತಿಗೆ ಮೇಲೆ ಹೊಳಪು. ಸುಟ್ಟರೆ ಬೆಳ್ಳಿಯೇ ಸಿಗದ ಮೇಲೆ ಹಳೇ ಸೀರೆ ಕೊಳ್ಳುವವರು ಕಡಿಮೆಯಾದರು. ಶುಕ್ರವಾರ ಪೇಠೆಯ ಪತ್ತಾರರು ಒಬ್ಬೊಬ್ಬರಾಗಿ ಬೇರೆ ಕೆಲಸ ಹಿಡಿದರು. ಕೊನೆಗೆ ಬಂದ ಒಂದು ಕೊಡ ನೀರಿಗೆ ಅತ್ತೆ ಉಪ್ಪು ಹಾಕಿ ಬಹಳ ಹೊತ್ತು ಕಾದರು. ಮೊಸರು ಇಳಿಯಲಿಲ್ಲ. ಇನ್ನೊಂದು ಚಿಟಿಕೆ ಹಾಕಿದರು. ಆಮೇಲೆ ಭರಣಿಗಳನ್ನು ತೊಳೆದು ಗೋಡೆಗೆ ಒರಗಿಸಿಟ್ಟರು. ಅವುಗಳಲ್ಲಿ ಮುಂದೆ ನಾನು ಮಾವಿನಕಾಯಿ ಉಪ್ಪಿನಕಾಯಿ ಹಾಕಲೇ ಎಂದು ಕೇಳಿದ್ದಕ್ಕೆ, ಜೀವದ ಮೇಲೆ ಆಸೆಯಿದ್ದರೆ ಹಾಕಬೇಡ ಎಂದರು.

ಕೆಲಸ ನಿಂತದ್ದು ಗೌಡರಿಗೆ ಗೊತ್ತಿತ್ತು. ಕಣ್ಣಾರೆ ಒಣಗಿದ ಭರಣಿ ನೋಡಿದ್ದರು. ಆದರೂ ಮಂಗಳವಾರ ಬಂದರೆ ಚೀಲ ಬರುತ್ತಿತ್ತು. ಮೊದಮೊದಲು ದೊಡ್ಡ ಚೀಲ, ಆಮೇಲೆ ಅವರಿಗೂ ವಯಸ್ಸಾಗಿ ಸಣ್ಣ ಚೀಲ. ಕಬ್ಬಿಣದ ರಾಶಿ ಗೋಡೆಯೆತ್ತರ ಬೆಳೆಯಿತು. ಬಟ್ಟೆ ಒಣಹಾಕಲು ಜಾಗವಿಲ್ಲದೆ ನಾನು ಒಂದು ದಿನ ಗೊಣಗಿದೆ. ಕೆಲಸವಿಲ್ಲದ ಮೇಲೆ ಇವರು ಇದನ್ನು ಯಾಕಾದರೂ ಹೊತ್ತು ತರುತ್ತಾರೆ, ನೀವಾದರೂ ಬೇಡ ಎಂದು ಹೇಳಬಾರದೇ ಎಂದೆ.

"ತರ್ಲಿ ಬಿಡ ಗೌರಿ" ಎಂದರು ಅತ್ತೆ. "ಬರೀಗೈಲೆ ಬರಾಕ ಅವರಿಗಿ ನಾಚಿಕಿ."

ಒಂದು ಶ್ರಾವಣದಲ್ಲಿ ಅತ್ತೆಗೆ ಜ್ವರ ಬಂತು. ನಾಲ್ಕು ದಿನ ಮಲಗಿದ್ದವರು ಶುಕ್ರವಾರ ಬೆಳಿಗ್ಗೆ ಎದ್ದು ಕೂತು, ಔಷಧದ ಲೋಟವನ್ನು ಬೆಳಕಿಗೆ ಹಿಡಿದು ನೋಡಿದರು. ಇದರಲ್ಲಿ ಏನಿಲ್ಲ ಎಂದು ನಕ್ಕರು. ಮಧ್ಯಾಹ್ನ ತೀರಿಕೊಂಡರು. ಚಪಳಗಾಂವಕ್ಕೆ ಹೇಳಿಕಳಿಸಬೇಕಲ್ಲವೇ ಎಂದು ನನ್ನ ಗಂಡ ಕೇಳಿದಾಗ ಮಾವನವರು ತಲೆಯ ಮೇಲೆ ಕೈಹೊತ್ತು, "ಯಾವ ಸಂಬಂಧ ಅಂತ ಹೇಳಿ ಕಳಸೂದು" ಎಂದರು. ಹೇಳಿಕಳಿಸುವುದು ಹಾಗೇ ಉಳಿಯಿತು.

ಮಂಗಳವಾರ ಗೌಡರು ಬಂದರು. ಮಳೆಯಲ್ಲಿ ನೆನೆದಿದ್ದರು. ಹೆಗಲ ಮೇಲೆ ಸಣ್ಣ ಚೀಲವಿತ್ತು. ಅಂಗಡಿಯಲ್ಲಿ ಕೂತಿದ್ದ ಮಾವನವರು ಅವರನ್ನು ನೋಡಿ ಒಳಗೆ ಕೈ ತೋರಿಸಿದರು. ಹೇಳುವುದು ನನ್ನ ಪಾಲಿಗೆ ಬಂತು. ಗೌಡರು ಚೀಲ ಇಳಿಸದೆ ನಿಂತೇ ಕೇಳಿದರು.

"ಎಂದ?"

"ಶುಕ್ರವಾರ್ರಿ. ಮಧ್ಯಾಹ್ನದಾಗ."

ಅವರ ಕೈ ಮೀಸೆಗೆ ಹೋಗಲಿಲ್ಲ.

"ಶುಕ್ರವಾರ ನಾ ಇಲ್ಲೇ ಸೋಲಾಪುರದಾಗ ಇದ್ದೆವ್ವಾ. ಹಲ್ಲು ಕೀಳಸಾಕ ಬಂದಿದ್ದೆ. ಮಾರಿ ಬಾತಿತ್ತು. ಇಂಥಾ ಮಾರಿ ತಗೊಂಡು ಆಕಿ ಮುಂದ ಹ್ಯಾಂಗ ಹೋಗೂದಂತ ಸೀದಾ ಗಾಡಿ ಹತ್ತಿದೆ" ಎಂದರು.

ನಾನು ಚಹಾ ಮಾಡಿ ತಂದೆ. ಗೌಡರು ಕಟ್ಟೆಯ ಮೇಲೆ ಕೂತು ಪೂರ್ತಿ ಕುಡಿದರು. ಆಮೇಲೆ ಎದ್ದು ಹೋಗಿ ಚೀಲದ ಬಾಯಿ ಬಿಚ್ಚಿ, ಸದ್ದಾಗದಂತೆ, ಕುಳಗಳನ್ನು ಒಂದೊಂದಾಗಿ ತೆಗೆದು ರಾಶಿಯ ಮೇಲೆ ಇಟ್ಟರು.